ಮೂರನೆಯ ಗೀರು

ಬಾಗಿಲ ಬಳಿ ಚಪ್ಪಲಿ ಕಳಚುತ್ತಲೇ ಮೂರ್ಗೀರು ಅಲ್ಲಿದ್ದ ಚಪ್ಪಲಿಗಳನ್ನು ಎಣಿಸಿದಳು. ಇಪ್ಪತ್ತಮೂರು ಜೊತೆ, ಮೇಲೊಂದು ಒಂಟಿ. ಆ ಒಂಟಿಯ ಜೊತೆಯದನ್ನು ಯಾರು ಹೊತ್ತೊಯ್ದಿರಬಹುದು ಎಂದು ಸುತ್ತ ಕಣ್ಣಾಡಿಸಿದಳು. ಸಾವಿನ ಮನೆಯಲ್ಲೂ ಕೈಚಳಕ ತೋರಿಸುವವರಿಗೆ ಬರವಿಲ್ಲ. ಅವಳ ಲೆಕ್ಕದಲ್ಲಿ ಲೋಕದ ಜನ ಎರಡೇ ಬಗೆ: ಸಿಕ್ಕಿಬಿದ್ದ ಕಳ್ಳರು, ಇನ್ನೂ ಸಿಕ್ಕಿಬೀಳದ ಕಳ್ಳರು. ತನ್ನ ಚಪ್ಪಲಿಯನ್ನು ಹೂಕುಂಡದ ಹಿಂದಕ್ಕೆ ತಳ್ಳಿ ಒಳಗೆ ಕಾಲಿಟ್ಟಳು.

ಅಳಲು ಬಂದವಳಲ್ಲ ಅವಳು. ಹನ್ನೊಂದು ವರ್ಷದಿಂದ ಮಾತು ಬಿಟ್ಟವಳ ಸಾವಿಗೆ ಸುರಿಸಲು ತನ್ನ ಹತ್ತಿರ ಕಣ್ಣೀರಿಲ್ಲ ಎಂದು ಬಸ್ಸಿನಲ್ಲಿ ಬರುವಾಗಲೇ ತನಗೆ ತಾನೇ ಹೇಳಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಡೈ. ಬಿಸ್ಕತ್ತಿನಷ್ಟು ಅಗಲದ ಉಕ್ಕಿನ ಬಿಲ್ಲೆ, ನಡುವೆ ತೂತು, ತೂತಿನ ಸುತ್ತ ಹಲ್ಲು. ಅದನ್ನು ಎರಡು ತೋಳಿನ ಕಬ್ಬಿಣದ ಹಿಡಿಯಲ್ಲಿ ಕೂರಿಸಿ ಕಬ್ಬಿಣದ ಸರಳಿನ ತುದಿಗೆ ತಿರುಗಿಸಿದರೆ, ನಟ್ಟು ಹತ್ತುವ ಥ್ರೆಡ್ಡು ಸರಳಿನ ಮೈಮೇಲೆ ಮೂಡುತ್ತದೆ. ಇಪ್ಪತ್ತನಾಲ್ಕು ವರ್ಷ ಅವಳು ಮಾಡಿದ ಕೆಲಸ ಅದೊಂದೇ.

ಕಾರ್ಖಾನೆಗೆ ಡೈಗಳು ಡಜನ್ನುಗಟ್ಟಲೆ ಬರುತ್ತಿದ್ದವು, ಎಲ್ಲವೂ ಒಂದೇ ಅಚ್ಚು. ಯಾರದು ಯಾವುದೆಂದು ತಿಳಿಯಲು ಪ್ರತಿಯೊಬ್ಬ ಹೆಂಗಸೂ ತನ್ನ ಡೈಯ ಅಳತೆ ಕೆತ್ತಿದ ಮುಖದ ಅಂಚನ್ನು ಸಾಣೆಚಕ್ರಕ್ಕೆ ತಾಗಿಸಿ ಗೀರು ಹಾಕಿಕೊಳ್ಳುತ್ತಿದ್ದಳು. ಒಬ್ಬಳಿಗೆ ಒಂದು, ಇನ್ನೊಬ್ಬಳಿಗೆ ಎರಡು, ಇವಳಿಗೆ ಮೂರು. ಬರಬರುತ್ತಾ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿದು ಗೀರೇ ಹೆಸರಾಯಿತು. ಇವತ್ತು ಶವದ ಪೆಟ್ಟಿಗೆಯಲ್ಲಿ ಮಲಗಿದ್ದವಳು ಒಂಟಿಗೀರು.

ಈ ಒಂಟಿಗೀರು ಎರಡು ವರ್ಷದ ಹಿಂದೆ ಕೆಲಸ ಬಿಡುವಾಗ ತನ್ನ ಡೈಯನ್ನು ವಾಪಸು ಕೊಟ್ಟಿರಲಿಲ್ಲ. ಸವೆದದ್ದು, ಹಾಳಾಗಿ ಹೋಗಲಿ ಎಂದು ಯಾರೂ ಕೇಳಲಿಲ್ಲ. ಮೂರ್ಗೀರು ಮಾತ್ರ ತನ್ನೊಳಗೇ ಕೇಳಿಕೊಂಡಳು. ಸವೆದ ಡೈಯನ್ನು ಮನೆಗೆ ಒಯ್ದು ಏನು ಪಲ್ಯ ಮಾಡ್ತಾಳಂತೆ? ಉತ್ತರವೂ ಅವಳಿಗೆ ಗೊತ್ತಿತ್ತು: ಸಾಕ್ಷಿ ಮುಚ್ಚಿಡಲಿಕ್ಕೆ. ಆ ಸಾಕ್ಷಿಯನ್ನು ಒಂದು ಸಲ ಕಣ್ಣಾರೆ ಕಂಡು, "ನೋಡು, ನಾನು ಅಂದದ್ದು ಸುಳ್ಳಲ್ಲ" ಎಂದು ಆ ಮುಖಕ್ಕೇ ಹೇಳಬೇಕು. ಮಣ್ಣು ಬೀಳುವ ಮೊದಲೇ ಹೇಳಬೇಕು. ಆಮೇಲೆ ಹೇಳಿ ಏನು ಬಂತು?

ಒಳಗೆ ಹೊಲಿಗೆ ಮೆಷೀನನ್ನು ಗೋಡೆಗೆ ತಳ್ಳಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪೆಟ್ಟಿಗೆ ಇಟ್ಟಿದ್ದರು. ಒಂಟಿಗೀರಿನ ಗಂಡ ದರ್ಜಿ. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು, ತೆಗೆಯಲು ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.

"ಬಂದ್ರಾ ಅಕ್ಕಾ," ಎಂದು ಅವನು ಎದ್ದು ನಿಂತ. "ಬರ್ತೀರೋ ಇಲ್ವೋ ಅಂದ್ಕೊಂಡಿದ್ದೆ."

"ಬಾರದೆ ಇರೋಕೆ ನಾನೇನು ತಪ್ಪು ಮಾಡಿದ್ದೀನಿ?" ಎಂದಳು ಮೂರ್ಗೀರು. ದರ್ಜಿ ಅಂಥದ್ದೇನೂ ಕೇಳಿರಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುವ ಮಾತು ಬೇರೆಯವರಿಗೆ ಎಂದು ಅವಳು ನಂಬಿದ್ದಳು.

ಕಿಟಕಿಯ ಕೆಳಗೆ ಕುರ್ಚಿಯಲ್ಲಿ ಗೇಜಣ್ಣ ಕೂತಿದ್ದ. ಕಾರ್ಖಾನೆಯ ಹಳೆಯ ಮೇಲ್ವಿಚಾರಕ. ಅಳತೆಯ ಗೇಜು ಕೈಯಲ್ಲಿಲ್ಲದೆ ಅವನನ್ನು ಯಾರೂ ಕಂಡವರಿಲ್ಲ, ಹಾಗಾಗಿ ಆ ಹೆಸರು. ಈಗ ಕೈಯಲ್ಲಿ ಊರುಗೋಲಿತ್ತು.

"ಒಂದೇ ಬೆಂಚಿನ ಜೋಡಿ," ಎಂದ ಪಕ್ಕದವರಿಗೆ. "ಇಪ್ಪತ್ಮೂರು ವರ್ಷ ಎರಡು ತಿಂಗಳು."

"ಹದಿನಾಲ್ಕು ವರ್ಷ ಮಾತಾಡಿದ್ದು ಸಾರ್. ಮಿಕ್ಕಿದ್ದು ಮಾತಾಡದೆ ಇದ್ದದ್ದು," ಎಂದು ಮೂರ್ಗೀರು ಲೆಕ್ಕ ತಿದ್ದಿದಳು.

ಪೆಟ್ಟಿಗೆಯ ತಲೆಯ ಕಡೆ ಒಂಟಿಗೀರಿನ ಮಗಳು ನಿಂತಿದ್ದಳು. ಚಿಕ್ಕವಳಿದ್ದಾಗ ದೊಡ್ಡಮ್ಮ ದೊಡ್ಡಮ್ಮ ಎಂದು ಮೂರ್ಗೀರಿನ ಸೊಂಟ ಬಿಡದ ಹುಡುಗಿ. ಈಗ ಗೋಡೆಯನ್ನು ನೋಡುವ ಹಾಗೆ ನೋಡಿದಳು. ಮೂರ್ಗೀರು ಮುಖದ ಕಡೆ ಹೋಗದೆ ಪೆಟ್ಟಿಗೆಯ ನಡುಭಾಗದಲ್ಲೇ ನಿಂತಳು. ಕಣ್ಣಿಗೆ ಬಿದ್ದದ್ದು ಬಲಗೈ. ಮಣಿಕಟ್ಟು ಗಂಟುಗಟ್ಟಿ ಒಳಕ್ಕೆ ತಿರುಚಿಕೊಂಡಿತ್ತು.

"ಎಷ್ಟು ಮಾಡಿದ್ರೂ ನೇರ ಆಗ್ಲಿಲ್ಲ ಆ ಕೈ," ಎಂದಳು ಮಗಳು, ಯಾರಿಗೂ ಅಲ್ಲದ ಹಾಗೆ. "ಆರು ವರ್ಷದಿಂದ ಹಾಗೇ ಇತ್ತು."

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಳು ಮೂರ್ಗೀರು. ಅಂದುಕೊಂಡದ್ದಕ್ಕೆ ಒಳಗೊಳಗೇ ಕಸಿವಿಸಿಯಾಯಿತು, ಆದರೂ ಅಂದುಕೊಂಡಳು.

*

ಕಾರ್ಖಾನೆಯಲ್ಲಿ ದೊಡ್ಡ ಮೆಷೀನುಗಳೆಲ್ಲ ಗಂಡಸರ ಪಾಲು, ಕೈಕೆಲಸ ಹೆಂಗಸರ ಪಾಲು. ಸರಳನ್ನು ವೈಸಿನ ದವಡೆಯಲ್ಲಿ ನೆಟ್ಟಗೆ ಬಿಗಿದು, ತುದಿಯನ್ನು ಅರದಿಂದ ಉಜ್ಜಿ ಸ್ವಲ್ಪ ಮೊನಚು ಮಾಡಿ, ಎಣ್ಣೆ ಬಿಟ್ಟು, ಡೈಯನ್ನು ಸಮತಟ್ಟಾಗಿ ಕೂರಿಸಬೇಕು. ಅಳತೆ ಕೆತ್ತಿದ ಮುಖ ಸರಳಿನ ಕಡೆಗಿರಬೇಕು, ಏಕೆಂದರೆ ಆ ಕಡೆಯ ಹಲ್ಲುಗಳು ಮೆಲ್ಲಗೆ ಇಳಿಜಾರಾಗಿ ಸರಳನ್ನು ಒಳಗೆ ಕರೆದುಕೊಳ್ಳುತ್ತವೆ. ಆಮೇಲೆ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಹಿಂದಕ್ಕೆ ತಿರುಗಿಸುವುದು ಕತ್ತರಿಸಿದ ಚೂರು ಮುರಿದು ಉದುರಲಿ ಎಂದು. ಅವಸರ ಮಾಡಿ ಮುಂದಕ್ಕೇ ಹೋದರೆ ಚೂರು ಹಲ್ಲಿನ ಸಂದಿಯಲ್ಲಿ ಸಿಕ್ಕಿ ಹಲ್ಲೇ ಹಾರುತ್ತದೆ. ಡೈ ಮುರಿದವಳಿಗೆ ಮರುದಿನ ಕೆಲಸವಿಲ್ಲ ಎಂದು ಗೋಡೆಯ ಮೇಲೆ ಬರೆದೇ ಇತ್ತು.

ಇಬ್ಬರೂ ಒಂದೇ ವಾರ ಸೇರಿದವರು. ಮೊದಲ ದಿನ ಗೀರು ಹಾಕುವಾಗ ಮೂರ್ಗೀರಿನ ಕೈ ಜಾರಿ ಮೂರನೆಯದು ಉದ್ದಕ್ಕೆ ಎಳೆದುಕೊಂಡಿತ್ತು. "ಇದಕ್ಕೆ ಬಾಲ ಬಂತಲ್ಲೇ!" ಎಂದು ಒಂಟಿಗೀರು ಹೊಟ್ಟೆ ಹಿಡಿದು ನಕ್ಕಿದ್ದಳು. ಅಲ್ಲಿಂದ ಹದಿನಾಲ್ಕು ವರ್ಷ ಒಬ್ಬಳ ಡಬ್ಬಿಯಲ್ಲಿ ಇನ್ನೊಬ್ಬಳ ಕೈ. ಒಂಟಿಗೀರು ಕಂಡವರನ್ನೆಲ್ಲ ನಂಬುವವಳು, ಇವಳು ಕನ್ನಡಿಯಲ್ಲಿ ಕಂಡವಳನ್ನೂ ನಂಬದವಳು. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಾಣದೇ ಇದ್ದದ್ದಕ್ಕೂ ಪ್ರಮಾಣ ಮಾಡ್ತೀಯಲ್ಲೇ," ಎಂದು ಒಂಟಿಗೀರು ಛೇಡಿಸುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಸೇತುವೆಯ ಕಟಾಂಜನಕ್ಕೆ ದೊಡ್ಡ ಆರ್ಡರು ಬಂತು. ಜೊತೆಗೇ ಒಂದು ಸುದ್ದಿಯೂ ಬಂತು: ಥ್ರೆಡ್ಡು ಹಾಕುವ ಮೆಷೀನು ಬರುತ್ತದೆ, ಪ್ರತಿ ಬೆಂಚಿನಿಂದ ಒಬ್ಬಳು ಹೋಗಬೇಕು. ಅದೇ ವಾರ ಮೂರ್ಗೀರಿನ ಸರಳುಗಳು ತಿರಸ್ಕಾರವಾಗತೊಡಗಿದವು. ಥ್ರೆಡ್ಡು ಹರಿದಿದೆ, ನಟ್ಟು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಒಂದು ದಿನ, ಎರಡು ದಿನ, ಮೂರು ದಿನ. ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ, ಎರಡು ಮಕ್ಕಳು. "ನಾಳೆ ಬೆಳಿಗ್ಗೆ ನಿನ್ನ ಡೈ ನೋಡ್ತೀನಿ," ಎಂದ ಗೇಜಣ್ಣ.

ಆ ಸಂಜೆ ಗಂಟೆ ಹೊಡೆದ ಮೇಲೆ ಮೂರ್ಗೀರು ಮರೆತ ಡಬ್ಬಿಗೆಂದು ಗೇಟಿನಿಂದ ವಾಪಸು ಬಂದಳು. ಬಾಗಿಲಲ್ಲೇ ಕಾಲು ನಿಂತಿತು. ಒಂಟಿಗೀರು ಇವಳ ಡ್ರಾಯರಿನೊಳಗೆ ಕೈ ಹಾಕಿದ್ದಳು. ಏನನ್ನೋ ಇಟ್ಟಳು, ಏನನ್ನೋ ತೆಗೆದಳು, ಡ್ರಾಯರನ್ನು ಸದ್ದಾಗದ ಹಾಗೆ ಮುಚ್ಚಿದಳು.

ಬೆಳಿಗ್ಗೆ ಗೇಜಣ್ಣ ಭೂತಗನ್ನಡಿ ಹಿಡಿದು ಮೂರ್ಗೀರಿನ ಡೈಯನ್ನು ನೋಡಿದ. ಗೀರು ಎಣಿಸಿದ: ಒಂದು, ಎರಡು, ಮೂರು. ಹಲ್ಲು ಎಣಿಸಿದ. "ಡೈ ಸರಿಯಾಗಿದೆ. ಕೈ ನೋಡ್ಕೋ," ಎಂದು ಅವಳಿಗೇ ಕೊಟ್ಟ. ಅವಳು ಅದನ್ನು ನೋಡದೆಯೇ ಹಿಡಿಗೆ ಕೂರಿಸಿದಳು. ಕಣ್ಣು ಒಂಟಿಗೀರಿನ ಮುಖದ ಮೇಲಿತ್ತು. ಆ ದಿನ ಹಾಕಿದ ಸರಳು ಒಂದೂ ವಾಪಸು ಬರಲಿಲ್ಲ.

ಇನ್ನೇನು ಬೇಕು? ಎರಡೂ ಎರಡೂ ಕೂಡಿದರೆ ನಾಲ್ಕು. ಮೂರು ದಿನ ತನ್ನ ಹಿಡಿಯಲ್ಲಿ ಯಾವುದೋ ಮುರುಕು ಡೈ ಇತ್ತು. ಪರೀಕ್ಷೆ ಎಂದ ಕೂಡಲೇ ಹಾಕಿದವಳೇ ಬಂದು ಅಸಲಿಯನ್ನು ವಾಪಸು ಇಟ್ಟಳು. ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಕಾರ್ಖಾನೆಯ ಎದುರು ಮೂರ್ಗೀರು ಕೂಗಿದಳು, "ಕಳ್ಳಿ! ನನ್ನ ಮಕ್ಕಳ ಬಾಯಿಗೆ ಮಣ್ಣು ಹಾಕೋಕೆ ಬಂದ ಕಳ್ಳಿ!"

ಒಂಟಿಗೀರು ಬಾಯಿ ತೆರೆದಳು. ಪಕ್ಕದಲ್ಲಿ ಗೇಜಣ್ಣ ನಿಂತಿದ್ದ. ಅವನ ಕಡೆ ಒಮ್ಮೆ ನೋಡಿದಳು, ಬಾಯಿ ಮುಚ್ಚಿದಳು.

"ಸಾಕ್ಷಿ ಎಲ್ಲಿದೆ?" ಎಂದು ಕೇಳಿದ ಗೇಜಣ್ಣ.

ಸಾಕ್ಷಿ ಇರಲಿಲ್ಲ.

*

ಹನ್ನೊಂದು ಗಂಟೆಗೆ ಪೆಟ್ಟಿಗೆಯನ್ನು ಮುಚ್ಚಳ ಹಾಕದೆಯೇ ಹೊರಗೆ ತಂದರು. ಓಣಿ ಕಿರಿದು, ವ್ಯಾನು ಬರುವುದಿಲ್ಲ. ನಾಲ್ಕು ಚಕ್ರದ ಕೈಗಾಡಿಯೊಂದನ್ನು ತಂದಿದ್ದರು. ಪೆಟ್ಟಿಗೆ ಇಟ್ಟು ಮೊದಲ ಸಲ ತಳ್ಳಿದ್ದೇ ತಡ, ಗಾಡಿಯ ಹಿಡಿಕೆ ಕಳಚಿ ಗಾಡಿಯವನ ಕೈಗೆ ಬಂತು. ನಟ್ಟೊಂದು ಟಣಟಣ ಎಂದು ಚರಂಡಿಯ ಕಡೆ ಉರುಳಿತು. ಯಾರೋ ಓಡಿ ಹಿಡಿದರು.

ಗಾಡಿಯವನು ಹಿಡಿಕೆಯ ಉದ್ದದ ಸರಳನ್ನು ಎಳೆದು ನೋಡಿದ. "ಥ್ರೆಡ್ಡು ತೇದು ಹೋಗಿದೆ. ನಟ್ಟು ನಿಲ್ಲೋದಿಲ್ಲ."

"ತಂತಿ ಸುತ್ತಿದ್ರೆ?" ಎಂದ ದರ್ಜಿ.

"ಮುಂದೆ ಇಳಿಜಾರಿದೆ ಯಜಮಾನ್ರೇ. ತಂತಿ ನಂಬ್ಕೊಂಡ್ರೆ ಅಮ್ಮಾವ್ರು ನಮಗಿಂತ ಮುಂಚೆ ಹೋಗಿ ತಲುಪ್ತಾರೆ."

ಹಿಂದೆ ಯಾರೋ ನಗು ಬಂದು ಕೆಮ್ಮಿದರು. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿವೆ. ಹನ್ನೆರಡೂವರೆಗೆ ಗುಂಡಿ ತೋಡಿದವರು ಇನ್ನೊಂದು ಕಡೆ ಹೋಗಬೇಕಂತೆ. ಗೇಜಣ್ಣ ನಟ್ಟನ್ನು ಬೆಳಕಿಗೆ ಹಿಡಿದ.

"ಅರ್ಧ ಇಂಚು. ಅವಳ ಡೈ ಇದೇ ಅಳತೆ. ಮನೇಲಿದೆಯಲ್ಲ? ಸರಳು ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಇದೆ. ತೇದಿರೋ ತುದಿ ಕತ್ತರಿಸಿ ಹೊಸದಾಗಿ ಒಂದಿಂಚು ಥ್ರೆಡ್ಡು ಹಾಕಿದ್ರೆ ಆಯ್ತು."

"ಹಾಕೋರು ಯಾರು ಸಾರ್?"

ಗೇಜಣ್ಣ ಊರುಗೋಲು ನೋಡಿಕೊಂಡ. "ನನಗೆ ಅಳೆಯೋದು ಗೊತ್ತು, ಮಾಡೋದು ಗೊತ್ತಿಲ್ಲ," ಎಂದ. ಜೀವಮಾನದಲ್ಲಿ ಮೊದಲ ಸಲ ಒಪ್ಪಿಕೊಂಡ ಮಾತದು. ಆಮೇಲೆ ಮೂರ್ಗೀರಿನ ಕಡೆ ತಿರುಗಿದ. ಎಲ್ಲರೂ ತಿರುಗಿದರು.

ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು.

"ಇವರೇ ಯಾಕೆ?" ಎಂದಳು ಮಗಳು. ಧ್ವನಿ ಗಟ್ಟಿಯಾಗಿಯೇ ಇತ್ತು. "ಅಮ್ಮನ್ನ ಕಳ್ಳಿ ಅಂದವರು ಅಮ್ಮನ ಸಾಮಾನು ಮುಟ್ಟಬೇಕಾ? ಏನು ಹುಡ್ಕೋಕೆ ಬಂದಿದ್ದಾರೋ ಯಾರಿಗೆ ಗೊತ್ತು."

ಗುರಿ ತಪ್ಪದ ಮಾತು.

"ಬೇರೆ ಯಾರಿಗೆ ಬರುತ್ತೆ ಹೇಳು ಮಗಾ," ಎಂದ ದರ್ಜಿ. "ಬನ್ನಿ ಅಕ್ಕಾ, ಹಿತ್ತಲಲ್ಲಿದೆ."

*

ಕಳ್ಳಿ ಎಂದ ಎರಡನೆಯ ವಾರವೋ ಮೂರನೆಯ ವಾರವೋ ಒಂಟಿಗೀರು ಒಮ್ಮೆ ಮೂರ್ಗೀರಿನ ಮನೆಗೆ ಬಂದಿದ್ದಳು. ರಜೆಯ ದಿನ, ಬೆಳಗಿನ ಹೊತ್ತು. ಗೇಟಿನ ಹೊರಗೆ ನಿಂತು ಎರಡು ಸಲ ಕರೆದಳು. ಮೂರ್ಗೀರು ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತು ನೋಡುತ್ತಿದ್ದಳು. ರಾಜಿಗೆ ಬಂದಿದ್ದಾಳೆ, ಬಾಯಿ ಮುಚ್ಚಿಸಲು ಬಂದಿದ್ದಾಳೆ ಎಂದುಕೊಂಡಳು. ಒಂಟಿಗೀರು ಸುಮಾರು ಹೊತ್ತು ನಿಂತು, ಗೇಟಿನ ಚಿಲಕ ಸಡಿಲವಾಗಿದ್ದದ್ದನ್ನು ಕಂಡು ಅದರ ನಟ್ಟನ್ನು ಬೆರಳಲ್ಲೇ ಬಿಗಿ ಮಾಡಿ ಹೋದಳು. ಏನು ಮಸಲತ್ತು ಮಾಡಿದಳೋ ಎಂದು ಮೂರ್ಗೀರು ಆಮೇಲೆ ಆ ಚಿಲಕವನ್ನು ಮೂರು ಸಲ ಪರೀಕ್ಷಿಸಿದಳು.

ಮೆಷೀನು ಬರುತ್ತದೆ ಬರುತ್ತದೆ ಎಂದು ಬರಲೇ ಇಲ್ಲ. ಆದರೆ ಒಂಟಿಗೀರಿನ ಕೈ ನಿಧಾನವಾಯಿತು. ದಿನಕ್ಕೆ ನೂರು ಸರಳು ಹಾಕುತ್ತಿದ್ದವಳು ಅರವತ್ತಕ್ಕೆ ಇಳಿದಳು. ಡೈ ಕೂರಿಸುವಾಗ ಅದರ ಮೇಲೆ ಇಡೀ ಮೈಭಾರ ಹಾಕಿ ಒತ್ತುತ್ತಿದ್ದಳು, ಹಣೆಯ ನರ ಉಬ್ಬುತ್ತಿತ್ತು. ಹುಡುಗಿಯರು ನಗುತ್ತಿದ್ದರು. ಬೆಂಚಿನಲ್ಲಿ ಬೆಳಕು ಚೆನ್ನಾಗಿದ್ದ ಕಿಟಕಿ ಬದಿಯ ಜಾಗ ಮೂರ್ಗೀರಿಗೆ ಸಿಕ್ಕಿತು. ಅವಳು ಆ ಬೆಳಕಿನಲ್ಲಿ ಕೂತು, ದೇವರು ಕುರುಡನಲ್ಲ ಎಂದುಕೊಂಡಳು.

*

ಹಿತ್ತಲಲ್ಲಿ ಮರದ ಸ್ಟೂಲಿಗೆ ಸಣ್ಣ ವೈಸು ಬಿಗಿದಿತ್ತು. ನೀರಿನ ತೊಟ್ಟಿಯ ಪಕ್ಕ ತಗಡಿನ ಡಬ್ಬ. ದರ್ಜಿ ಮುಚ್ಚಳ ತೆರೆದು ಪಕ್ಕಕ್ಕೆ ಸರಿದ. ಒಂದು ಅರ, ಎಣ್ಣೆಯ ಬಾಟಲಿ, ಒಂದು ಗರಗಸ, ಬಟ್ಟೆಯಲ್ಲಿ ಸುತ್ತಿಟ್ಟ ಡೈ ಹಿಡಿ. ಬಟ್ಟೆ ಬಿಚ್ಚಿದಳು. ಡೈ ಹಿಡಿಯೊಳಗೇ ಇತ್ತು. ಹೊರಗೆ ಕಾಣುತ್ತಿದ್ದದ್ದು ಬೋಳು ಮುಖ. ಅಳತೆ ಕೆತ್ತಿದ ಮುಖ ಒಳಗಡೆಗಿತ್ತು.

"ತಲೆಕೆಳಗಾಗಿ ಹಾಕಿದ್ದಾಳೆ," ಎಂದು ಗೊಣಗುತ್ತಾ ಮೂರ್ಗೀರು ಬಿಗಿಯುವ ಸ್ಕ್ರೂ ಸಡಿಲಿಸತೊಡಗಿದಳು.

"ತಿರುಗಿಸ್ಬೇಡಿ ಅಕ್ಕಾ," ಎಂದ ದರ್ಜಿ. "ಅವಳು ಹಾಗೇ ಹಾಕ್ತಿದ್ದದ್ದು. ಒಂದು ಕಡೆ ಹಲ್ಲು ಮುರಿದಿದೆಯಂತೆ. ಆ ಕಡೆಯಿಂದ ಶುರು ಮಾಡಿದ್ರೆ ಥ್ರೆಡ್ಡು ಹರಿಯುತ್ತೆ. ಈ ಕಡೆಯಿಂದಾದ್ರೆ ಮುರಿದ ಹಲ್ಲು ಕೊನೇಲಿ ಬರುತ್ತೆ, ಕೆಲಸ ಕೆಡೋದಿಲ್ಲ. ಆದ್ರೆ ಹಿಡಿಯೋಕೆ ತುಂಬಾ ಒತ್ಬೇಕು. ಕೈ ಹೋದದ್ದೇ ಅದರಿಂದ."

ಸಿಕ್ಕಿತು! ಮುರಿದ ಹಲ್ಲಿನ ಡೈ. ಅದೇ. ತನ್ನ ಡ್ರಾಯರಿಗೆ ಬಂದಿದ್ದ ಮುರುಕು ಡೈ ಇದೇ. ಹನ್ನೊಂದು ವರ್ಷದ ಮೇಲೆ ಕೈಗೆ ಸಿಕ್ಕಿತು. ಡೈಯನ್ನು ಹಿಡಿಯಿಂದ ಅಂಗೈಗೆ ಬೀಳಿಸಿಕೊಂಡು, ಒಂಟಿ ಗೀರನ್ನು ಕಣ್ತುಂಬ ನೋಡಲು ತಿರುಗಿಸಿದಳು.

ಮೂರು ಗೀರುಗಳಿದ್ದವು. ಮೂರನೆಯದಕ್ಕೆ ಬಾಲವಿತ್ತು.

ಅವಳು ಹೆಬ್ಬೆರಳಿನಿಂದ ಎಣ್ಣೆ ಒರೆಸಿದಳು. ಮತ್ತೆ ನೋಡಿದಳು. ಬಾಲ ಅಲ್ಲೇ ಇತ್ತು. ಇಪ್ಪತ್ತೈದು ವರ್ಷದ ಹಿಂದೆ ಅವಳದೇ ಕೈ ಜಾರಿ ಎಳೆದ ಬಾಲ.

ಇದು ನನ್ನದಾದರೆ, ನಾನು ಒಂಬತ್ತು-ಹತ್ತು ವರ್ಷ ಹಿಡಿದದ್ದು ಯಾರದು?

ಅವಳು ದಡದಡ ಓಣಿಗೆ ಬಂದಳು. ಗೇಜಣ್ಣನ ಮುಂದೆ ನಿಂತಳು. "ಸಾರ್, ನಾನು ಕೆಲಸ ಬಿಡುವಾಗ ವಾಪಸು ಕೊಟ್ಟ ಡೈ ನೆನಪಿದೆಯಾ?"

"ನೆನಪಿಲ್ದೆ ಏನು? ಹೋದ ವರ್ಷದ್ದು. ಮೂರು ಗೀರು, ಮೂರೂ ಸಮ. ಎರಡೆರಡು ಮಿಲಿಮೀಟರ್."

"ಒಂದಕ್ಕೆ ಬಾಲ ಇರ್ಲಿಲ್ವಾ?"

"ಯಾವ ಬಾಲ? ಒಂದು ಗೀರು ಸ್ವಲ್ಪ ಹಳೇದಾಗಿ ಕಾಣ್ತಿತ್ತು, ಎರಡು ಆಮೇಲೆ ಹಾಕಿದ ಹಾಗಿದ್ವು. ಅಳತೆ ಮಾತ್ರ ಸಮ."

ಒಂದು ಹಳೆಯದು, ಎರಡು ಹೊಸದು. ಒಂಟಿಗೀರು ತನ್ನ ಒಳ್ಳೆಯ ಡೈಗೆ ಇನ್ನೆರಡು ಗೀರು ಎಳೆದು ಇವಳ ಡ್ರಾಯರಿನಲ್ಲಿಟ್ಟು, ಇವಳ ಮುರುಕನ್ನು ತಾನು ಒಯ್ದಿದ್ದಳು. ಗೀರಿರುವ ಮುಖವನ್ನು ಒಳಗಿಟ್ಟು, ಯಾರಿಗೂ ಕಾಣದ ಹಾಗೆ, ಒಂಬತ್ತು ವರ್ಷ ಒತ್ತಿದ್ದಳು. ಮೂರ್ಗೀರು ಅಷ್ಟೂ ವರ್ಷ ಮೂರು ಗೀರನ್ನು ಎಣಿಸಿದ್ದಳೇ ಹೊರತು ನೋಡಿರಲಿಲ್ಲ. ಅವಳು ಸಂಶಯ ಪಟ್ಟದ್ದೆಲ್ಲ ಮನುಷ್ಯರ ಮೇಲೆ. ಕೈಯಲ್ಲಿದ್ದ ಕಬ್ಬಿಣದ ಮೇಲೆ ಒಮ್ಮೆಯೂ ಪಟ್ಟಿರಲಿಲ್ಲ.

ಆದರೂ ಹಳೆಯ ಚಾಳಿ ಬಿಡಲಿಲ್ಲ. ಹಲ್ಲು ಮುರಿದದ್ದು ಒಂಟಿಗೀರೇ ಇರಬಹುದಲ್ಲ? ಬೀಳಿಸಿ, ಮುರಿದು, ಪಾಪಪ್ರಜ್ಞೆಗೆ ಬದಲಾಯಿಸಿರಬಹುದಲ್ಲ? ಒಂದು ಗಳಿಗೆ ಆ ಆಲೋಚನೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಅದು ಕೇಳಿಸಿತು. ಕಿವಿಗಲ್ಲ, ಅಂಗೈಗೆ. ಟಕ್.

ಆರ್ಡರಿನ ಮೊದಲ ದಿನ. ಮೆಷೀನು ಬರುವ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಾಕಿ ತೋರಿಸಬೇಕೆಂದು ಅವಳು ಹಿಂದಕ್ಕೆ ತಿರುಗಿಸುವುದನ್ನು ಬಿಟ್ಟಿದ್ದಳು. ಬರೀ ಮುಂದಕ್ಕೆ, ಮುಂದಕ್ಕೆ. ಸಂಜೆಯ ಹೊತ್ತಿಗೆ ಹಿಡಿಯೊಳಗೆ ಟಕ್ ಎಂದಿತು. ವೈಸು ಸಡಿಲವಾಯಿತು ಅಂತ ಕಾಣುತ್ತದೆ ಎಂದುಕೊಂಡು ವೈಸು ಬಿಗಿಮಾಡಿ ಮುಂದುವರಿಸಿದ್ದಳು. ಡೈ ತೆಗೆದು ನೋಡಲಿಲ್ಲ. ನೋಡಿದರೆ ಏನು ಕಾಣುತ್ತದೆಂದು ಗೊತ್ತಿದ್ದರಿಂದಲೇ ನೋಡಿರಲಿಲ್ಲ. ಮರುದಿನದಿಂದ ಕಳ್ಳರನ್ನು ಹುಡುಕತೊಡಗಿದ್ದಳು.

ಗೇಟಿನ ಹೊರಗೆ ನಿಂತು ಎರಡು ಸಲ ಕರೆದವಳು ಇದನ್ನೇ ಹೇಳಲು ಬಂದಿದ್ದಳು. ಗೇಜಣ್ಣನ ಎದುರು ಹೇಳಲಾಗದ್ದನ್ನು ಹೇಳಲು.

"ಏನಾಯ್ತು ಅಕ್ಕಾ?" ಎಂದ ದರ್ಜಿ, ಹಿಂದೆಯೇ ಬಂದು.

"ಆ ಸ್ಟೂಲು ಇಲ್ಲಿಗೆ ತನ್ನಿ," ಎಂದಳು ಮೂರ್ಗೀರು. "ಅವಳ ಪಕ್ಕದಲ್ಲೇ ಹಾಕ್ತೀನಿ."

ಸ್ಟೂಲನ್ನೂ ಡಬ್ಬವನ್ನೂ ತಂದು ಗಾಡಿಯ ಪಕ್ಕಕ್ಕೆ ಇಟ್ಟರು. ಅವಳು ಡೈಯನ್ನು ಅಂಗೈಯಲ್ಲಿ ಚಾಚಿದಳು. "ಇದು ನನ್ನದು," ಎಂದಳು.

ಮಗಳ ಮುಖ ಕೆಂಪಾಯಿತು. "ನೋಡಿ ಅಪ್ಪಾ! ಹೆಣ ಇನ್ನೂ ಮನೆ ಮುಂದೆ ಇದೆ, ಆಗಲೇ ಸಾಮಾನು ನಂದು ಅಂತಿದ್ದಾರೆ."

"ತಡೀ ಮಗೂ, ಪೂರ್ತಿ ಕೇಳು." ಕಳ್ಳಿ ಎಂದದ್ದು ಇಡೀ ಕಾರ್ಖಾನೆಗೆ ಕೇಳುವ ಹಾಗೆ. ಇದು ಓಣಿಗಾದರೂ ಕೇಳಬೇಕು ಎಂದು ಅವಳು ಗಂಟಲು ಏರಿಸಿದಳು. "ಈ ಡೈ ನನ್ನದು. ಹಲ್ಲು ಮುರಿದವಳು ನಾನು. ನಿಮ್ಮಮ್ಮ ತನ್ನ ಒಳ್ಳೇದನ್ನ ನನಗೆ ಕೊಟ್ಟು ಇದನ್ನ ತಗೊಂಡ್ಲು. ನನ್ನ ಕೆಲಸ ಹೋಗ್ಬಾರ್ದು ಅಂತ. ನಾನು ಅವಳನ್ನ ಕಳ್ಳಿ ಅಂದೆ. ಸಾರ್, ಸಾಕ್ಷಿ ಎಲ್ಲಿ ಅಂದಿದ್ರಲ್ಲ, ಇಲ್ಲಿದೆ."

ಗೇಜಣ್ಣ ಡೈಯನ್ನು ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದ. ಬಹಳ ಹೊತ್ತು ನೋಡಿದ. ಅಳತೆ ಏನನ್ನೂ ಹೇಳದೆ ವಾಪಸು ಕೊಟ್ಟ. ಮಗಳು ಅಪ್ಪನ ತೋಳು ಹಿಡಿದುಕೊಂಡಳು. ದರ್ಜಿಯ ಕಣ್ಣಿನಿಂದ ನೀರು ಇಳಿದು ಅಳತೆ ಪಟ್ಟಿಯ ಮೇಲೆ ಬೀಳುತ್ತಿತ್ತು. "ಯಾರದು ಅಂತ ನಾನೂ ಎಷ್ಟೋ ಸಲ ಕೇಳಿದೆ," ಎಂದ. "ಹೇಳ್ಲಿಲ್ಲ."

ಆಗ ಮೂರ್ಗೀರು ಪೆಟ್ಟಿಗೆಯ ತಲೆಯ ಕಡೆ ಹೋದಳು. ಬೆಳಗಿನಿಂದ ನೋಡದ ಮುಖವನ್ನು ನೋಡಿದಳು. ಮುದಿಯಾಗಿತ್ತು ಆ ಮುಖ. ತನಗಿಂತ ನಾಲ್ಕು ವರ್ಷ ಚಿಕ್ಕವಳು, ತನಗಿಂತ ಹತ್ತು ವರ್ಷ ದೊಡ್ಡವಳ ಹಾಗೆ ಕಾಣುತ್ತಿದ್ದಳು. ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ಉಪಯೋಗಕ್ಕೆ ಬರಲಿಲ್ಲ.

"ಅಮ್ಮಾ, ಹೊತ್ತಾಯ್ತು," ಎಂದ ಗಾಡಿಯವನು ಮೆಲ್ಲಗೆ.

ಅವಳು ಸರಳನ್ನು ವೈಸಿನಲ್ಲಿ ಬಿಗಿದಳು. ತೇದ ತುದಿಯನ್ನು ಗರಗಸದಲ್ಲಿ ಕತ್ತರಿಸಿ ಅರದಿಂದ ಉಜ್ಜಿದಳು. ಗಾಡಿಯವನು ದರ್ಜಿಯ ಸೀಮೆಸುಣ್ಣ ಇಸಿದುಕೊಂಡು ಒಂದಿಂಚಿಗೆ ಗೆರೆ ಎಳೆದ. ಡೈಯನ್ನು ಅವಳು ತಲೆಕೆಳಗಾಗಿಯೇ ಕೂರಿಸಿದಳು, ಗೀರಿನ ಮುಖ ಒಳಗೆ. ಎಣ್ಣೆ ಬಿಟ್ಟಳು. ತಿರುಗಿಸಿದಳು. ಡೈ ಕಚ್ಚಲಿಲ್ಲ, ಸರಳಿನ ತಲೆಯ ಮೇಲೆ ಜಾರಿತು. ಇನ್ನೂ ಒತ್ತಿದಳು. ಜಾರಿತು. ಮೈಭಾರವನ್ನೆಲ್ಲ ಮಣಿಕಟ್ಟಿನ ಮೇಲೆ ಹಾಕಿ ಒತ್ತಿದಳು. ಮಣಿಕಟ್ಟಿನಿಂದ ಮೊಣಕೈಗೆ ಸುಟ್ಟ ಹಾಗೆ ನೋವು ಏರಿತು. ದಿನಕ್ಕೆ ಅರವತ್ತು ಸಲ. ಒಂಬತ್ತು ವರ್ಷ. ಲೆಕ್ಕ ಮಾಡಲು ಹೋಗಿ ಬಿಟ್ಟಳು.

ಕೊನೆಗೂ ಹಲ್ಲು ಕಚ್ಚಿತು. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಮೊದಲ ಚೂರು ಮುರಿದು ಉದುರಿತು. ಅರ್ಧ ಮುಂದಕ್ಕೆ, ಕಾಲು ಹಿಂದಕ್ಕೆ. ಲೋಹ ಕಿರುಗುಟ್ಟುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಅವಳು ಪ್ರತಿ ಸುತ್ತನ್ನೂ ಪೂರ್ತಿ ಮಾಡಿದಳು, ಯಾವುದನ್ನೂ ಬಿಡಲಿಲ್ಲ.

ಡೈ ಸೀಮೆಸುಣ್ಣದ ಗೆರೆ ಮುಟ್ಟಿತು.

"ಸಾಕಮ್ಮ," ಎಂದ ಗಾಡಿಯವನು, ನಟ್ಟು ಹಿಡಿದು ಮುಂದೆ ಬಂದು. "ಅಷ್ಟು ಸಾಕು, ಹೊರಡೋಣ."

ಅವಳು ಎಣ್ಣೆ ಬಿಟ್ಟಳು. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಗೆರೆ ಅಳಿಸಿಹೋಯಿತು.

"ಅಮ್ಮಾ, ಸಾಕು ಅಂದೆ."

ಗಾಡಿಯವನು ಕೈ ಚಾಚಿದ. ಮಗಳು ಅವನ ಕೈ ಹಿಡಿದು ತಡೆದಳು. ಎರಡು ಇಂಚಾಯಿತು, ಎರಡೂವರೆ ಆಯಿತು. ಬೇಕಿಲ್ಲದ ಥ್ರೆಡ್ಡು ಬಿಸಿಲಿಗೆ ಹೊಳೆಯುತ್ತಾ ಸರಳಿನ ಉದ್ದಕ್ಕೂ ಇಳಿಯುತ್ತಲೇ ಇತ್ತು, ಗಾಡಿಯ ಚಕ್ರದ ಬಳಿ ಉಕ್ಕಿನ ಚೂರು ಗುಡ್ಡೆಯಾಗುತ್ತಲೇ ಇತ್ತು.